ಕೊಕ್ಕರೆ ರೋಗ ಬಂದಾಗ ಒಳಗಿದ್ದವರು

ಮೊನ್ನೆ ಹುಣಸೂರಿನ ಅಂಗಡಿಯೊಂದರ ಮುಂದೆ ಫಿನಾಯಿಲ್ ಡಬ್ಬ ಒಡೆದು ಹರಿದಿತ್ತು. ಆ ವಾಸನೆಗೆ ನಿಂತುಬಿಟ್ಟೆ. ಬಿಳಿಕೆರೆ ಹತ್ತಿರದ ಕೋಳಿ ಫಾರ್ಮು, ಮುಚ್ಚಿದ ಗೇಟು, ಅದರ ಚಿಲಕ ಹಿಡಿದು ನಿಂತಿದ್ದ ಅಕ್ಕ...

ನಾನಾಗ ಅಲ್ಲಿಗೆ ಹೊಸದಾಗಿ ಸೇರಿದ್ದ ಪಶುವೈದ್ಯೆ. ನಾವೆಲ್ಲ ಅಕ್ಕ ಎಂದು ಕರೆಯುತ್ತಿದ್ದ ಹಂಪಾಪುರದ ಹೆಂಗಸು ಕೋಳಿಗಳನ್ನು ನೋಡಿಕೊಳ್ಳುತ್ತಿದ್ದರು. ಹಿಂಡುಹಿಂಡನ್ನೇ ಕೊಲ್ಲುವ ಕೊಕ್ಕರೆ ರೋಗವನ್ನು ಹುಟ್ಟುಗುಣದಿಂದಲೇ ತಡೆದುಕೊಳ್ಳುವ ನಾಟಿ ಕೋಳಿಗಳನ್ನು ಗುರುತಿಸಿ, ಅವುಗಳಿಂದ ಮರಿ ಮಾಡಿಸುವುದು ನಮ್ಮ ಕೆಲಸ. ಅದಕ್ಕೆಂದೇ ಒಂದು ಶೆಡ್ಡಿನ ಕೋಳಿಗಳಿಗೆ ಲಸಿಕೆ ಹಾಕಿರಲಿಲ್ಲ.

ರೋಗ ಆ ಶೆಡ್ಡಿಗೆ ಬಂತು. ಗೇಟು ಮುಚ್ಚಿ ಸುತ್ತಲೂ ಫಿನಾಯಿಲ್ ಸುರಿದರು. ಒಳಗೆ ಉಳಿದವರು ನಾವಿಬ್ಬರೇ. ಊಟ ಗೇಟಿನ ಮೇಲಿಂದ ಬರುತ್ತಿತ್ತು. ಕೋಳಿಗಳು ಕತ್ತು ತಿರುಚಿಕೊಂಡು ಬೀಳುತ್ತಿದ್ದವು. ಔಷಧಿ ಇಲ್ಲದ ರೋಗ. ಯಾವುದು ಉಳಿಯುತ್ತದೋ ನೋಡುತ್ತ ಕೂರಬೇಕು. ಸತ್ತವನ್ನು ಅಕ್ಕ ಸುಣ್ಣ ಸುರಿದು ಹೂಳುತ್ತಿದ್ದರು.

ಅಂಥದ್ದರಲ್ಲಿ ಫೋನ್ ಬಂತು. ಅಕ್ಕನ ಮಗಳಿಗೆ ಕೋಟೆ ಪಟ್ಟಣದ ಆಸ್ಪತ್ರೆಯಲ್ಲಿ ಹೆರಿಗೆ ನೋವು ಶುರುವಾಗಿತ್ತು.

"ಸ್ನಾನ ಮಾಡಿ, ಬಟ್ಟೆ ಬದಲಾಯಿಸಿ ಹೋಗಿ ಅಕ್ಕ. ಮಾಲೀಕರಿಗೆ ನಾನು ಹೇಳ್ತೀನಿ" ಅಂದೆ.

ಅಕ್ಕ ಗೇಟಿನವರೆಗೂ ಹೋದರು. ಚಿಲಕ ತೆಗೆಯಲಿಲ್ಲ.

"ಕೂದ್ಲಲ್ಲಿ, ಉಗುರ್ ಸಂದೀಲಿ ಅಂಟ್ಕಂಡು ಬಂದ್ರೆ? ನಮ್ಮಳ್ಳೀಲಿ ಮನೆಮನೇಲೂ ಕೋಳಿ ಅವೆ ಕಣವ್ವ. ರೋಗ ಬರಾಕಿಲ್ಲ ಅಂತ ನೀವು ಬಾಯ್ಬುಟ್ಟು ಏಳಿ, ಓಯ್ತೀನಿ."

ಹಾಗೆ ಹೇಳಲು ನನ್ನಿಂದಾಗಲಿಲ್ಲ; ಅಕ್ಕ ಶೆಡ್ಡಿಗೆ ವಾಪಸಾದರು.

ಹೆಣ್ಣು ಮಗು ಹುಟ್ಟಿತು. ರಕ್ತ ಹೋಗಿ ಅಕ್ಕನ ಮಗಳು ಉಳಿಯುವುದೇ ಅನುಮಾನವಾಗಿತ್ತೆಂದು ಆಮೇಲೆ ತಿಳಿಯಿತು. ಶೆಡ್ಡಿನಲ್ಲಿ ಉಳಿದವು ಹೆಚ್ಚಾಗಿ ಕತ್ತಿನ ಮೇಲೆ ಪುಕ್ಕವಿಲ್ಲದ ಕೋಳಿಗಳು, ಒಂದೇ ತಾಯಿಯ ಮರಿಗಳು. ಏನೂ ಆಗದವರ ಹಾಗೆ ಕಾಳು ಕುಕ್ಕುತ್ತಿದ್ದವು.

"ಇವುಕ್ಕೆ ತಡ್ಕಳಾ ಸಕ್ತಿಯ ಅವ್ರವ್ವನೇ ಕೊಟ್ಟು ಕಳ್ಸವ್ಳೆ" ಅಂದ ಅಕ್ಕ, ಮುಖ ಆಚೆ ತಿರುಗಿಸಿಕೊಂಡರು.

ಕೊನೆಗೂ ಗೇಟು ತೆರೆದಾಗ ಅವರು ತಕ್ಷಣ ಹೊರಡಲಿಲ್ಲ. "ಈಗ ಓಗ್ಬೌದಾ?" ಅಂತ ನನ್ನನ್ನೇ ಕೇಳಿದರು. ಮೊಟ್ಟೆ ಕಡಿಮೆ ಎಂದು ಮಾಲೀಕರು ಮುಂದೆ ಆ ತಳಿಯನ್ನೇ ಕೈಬಿಟ್ಟರು. ನಾನೂ ಬೇರೆ ಕಡೆ ಸೇರಿಕೊಂಡೆ...

ಹುಣಸೂರಿನಿಂದ ಬಂದ ಮೇಲೆ ಮನಸ್ಸು ತಡೆಯದೆ ನಿನ್ನೆ ಹಂಪಾಪುರಕ್ಕೆ ಹೋದೆ. ಅಕ್ಕ ಹೋದ ವರ್ಷವೇ ತೀರಿಕೊಂಡಿದ್ದರು. ಮಗಳು ಕೂರಿಸಿ ಕಾಫಿ ಕೊಟ್ಟಳು. ಅವತ್ತು ಅವಳ ತಾಯಿ ಯಾಕೆ ಬರಲಿಲ್ಲವೆಂದು ಹೇಳತೊಡಗಿದೆ. ಅವಳು ನಡುವೆಯೇ ತಡೆದಳು.

"ಗೊತ್ತು ಕಣ್ರೀ. ಅವ್ವ ಸಾಯಗಂಟ ಅದ್ನೇ ಏಳ್ತಿದ್ಲು. ನಾನೂ ಊಂ ಅಂತಿದ್ದೆ. ಆದ್ರೆ ಅವತ್ತು ಬಾಗ್ಲೇ ನೋಡ್ಕಂಡು ಮನಗಿದ್ದೋಳು ನಾನಲ್ವಾ."