ಅಣ್ಣನಿಗಾಗಿ ಕಡಿದ ಮಾವು

ಮರದ ಮಿಲ್ಲಿನಲ್ಲಿ ನಾನೊಂದು ಸುಳ್ಳು ಹೇಳಿದೆ. ಕಾನ್ವೆಂಟಿನಲ್ಲಿ ಓದಿದವಳಾದ್ದರಿಂದ ಸುಳ್ಳು ಹೇಳುವಾಗ ನನ್ನ ಬಲಗೈ ತಾನಾಗಿಯೇ ಬೆನ್ನ ಹಿಂದೆ ಹೋಗುತ್ತದೆ. ಯಾರೋ ಫೂಟ್‌ರೂಲರ್ ಹಿಡಿದು ನಿಂತಿದ್ದಾರೇನೋ ಎಂಬಂತೆ. ಎಪ್ಪತ್ತೆರಡು ವರ್ಷವಾದರೂ ಆ ಕೈಗೆ ಬುದ್ಧಿ ಬಂದಿಲ್ಲ.

ಮರಗೆಲಸ ನನಗೆ ಹತ್ತಿಕೊಂಡದ್ದು ಎರಡು ವರ್ಷದ ಹಿಂದೆ. ಬೆಳ್ತಂಗಡಿಯಲ್ಲಿ, ಬಂಟ್ವಾಳದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನ ಆಪರೇಟರ್ ಆಗಿದ್ದು ರಿಟೈರ್ ಆದವಳು ನಾನು. ಮದುವೆ ಆಗಲಿಲ್ಲ, ಅದಕ್ಕೆ ಕಾರಣಗಳಿವೆ, ಆದರೆ ಅವು ಈಗ ನನಗೂ ಸರಿಯಾಗಿ ನೆನಪಿಲ್ಲ. ಬಿ.ಸಿ.ರೋಡಿನ ಎರಡು ಕೋಣೆಯ ಫ್ಲಾಟಿನ ಬಾಲ್ಕನಿಯಲ್ಲಿ ಒಂದು ದಿನ ಉಳಿ, ಗರಗಸ, ಕೀಸುಳಿ ತಂದಿಟ್ಟುಕೊಂಡೆ. ಬೋರ್ಡಿಂಗ್ ಶಾಲೆಯಲ್ಲಿ ನಮಗೆ ಎಂಬ್ರಾಯ್ಡರಿ ಕ್ಲಾಸಿದ್ದ ಹೊತ್ತಿಗೇ ಗೋಡೆಯಾಚೆಯ ಗಂಡುಮಕ್ಕಳ ಶಾಲೆಯಲ್ಲಿ ಕಾರ್ಪೆಂಟ್ರಿ ಕ್ಲಾಸು. ನಾನು ಕರವಸ್ತ್ರದ ಮೂಲೆಗೆ ಗುಲಾಬಿ ಹೊಲಿಯುತ್ತಿದ್ದಾಗ ಆ ಕಡೆಯಿಂದ ಗರಗಸದ ಉಸಿರು ಕೇಳುತ್ತಿತ್ತು, ಹೋಗುತ್ತ ಒಂದು, ಬರುತ್ತ ಒಂದು. ಗುಲಾಬಿಯ ಮೇಲೆ ನನಗೆ ಅಂದಿನಿಂದಲೇ ಒಂದು ಸಿಟ್ಟು.

ನನ್ನ ಗುರು ಯೂಟ್ಯೂಬಿನ ಒಬ್ಬ ಗಡ್ಡದವನು. ಅವನ ಉಳಿಗೆ ಮರ ಬೆಣ್ಣೆಯಂತೆ ಬಿಟ್ಟುಕೊಡುತ್ತದೆ. ನನ್ನ ಮರ ಪ್ರತಿಯೊಂದಕ್ಕೂ ಕಾರಣ ಕೇಳುತ್ತದೆ. ನಾನು ಮಾಡಿದ ಮೊದಲ ಸ್ಟೂಲು ನಾಲ್ಕು ಕಾಲಿನದಾದರೂ ಒಮ್ಮೆಗೆ ಮೂರನ್ನು ಮಾತ್ರ ನೆಲಕ್ಕೆ ಊರುತ್ತಿತ್ತು. ಉಳಿದೊಂದು ಯಾವುದು ಎಂಬುದನ್ನು ಪ್ರತಿ ಸಲ ಅದೇ ತೀರ್ಮಾನಿಸುತ್ತಿತ್ತು. ಅಷ್ಟು ವಿದ್ಯೆಯವಳು ನಾನು, ಒಬ್ಬ ಮನುಷ್ಯನಿಗಾಗಿ ಕಡಿದಿಟ್ಟ ಮರಕ್ಕೆ ಕೈಹಾಕಿದೆ. ಪಾಸಿಟಿವ್ಲಿ ಫೂಲಿಷ್.

ಆ ಮನುಷ್ಯ ನನ್ನ ಅಣ್ಣ. ನನಗಿಂತ ಏಳು ವರ್ಷ ದೊಡ್ಡವನು, ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ಟ್ರಾಗಿದ್ದವನು. ಶಿರ್ತಾಡಿಯಿಂದ ಸ್ವಲ್ಪ ಒಳಗೆ ಅವನ ಮನೆ. ಅಲ್ಲಿ ಅವನು ಮತ್ತು ಅತ್ತಿಗೆ. ನಮ್ಮ ಕಡೆ ಸತ್ತವರನ್ನು ಸುಡುವುದು ಮಾವಿನ ಕಟ್ಟಿಗೆಯಲ್ಲಿ. ಜೀವ ಹೋದ ಮೇಲೆ ಅವರದೇ ಜಾಗದ ಒಂದು ಮಾವಿನ ಮರವನ್ನು ಕಡಿಯುತ್ತಾರೆ. ಕ್ರಮ ಹಾಗೆ: ಮೊದಲು ಮನುಷ್ಯ, ಆಮೇಲೆ ಮರ. ಕಳೆದ ಮಾಘದಲ್ಲಿ ಅಣ್ಣನ ಮನೆಯಲ್ಲಿ ಈ ಕ್ರಮ ತಪ್ಪಿತು.

ಮಂಗಳೂರಿನ ಆಸ್ಪತ್ರೆಯಿಂದ, ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ಅಣ್ಣನನ್ನು ಕಳಿಸಿದ್ದರು. ನೆಂಟರು ಸೇರಿದ್ದರು. ಉಸಿರು ಎಣಿಸುವಷ್ಟು ದೂರ ದೂರಕ್ಕೆ ಬರುತ್ತಿತ್ತು. ಪಕ್ಕದ ಮನೆಯ ಬಾಬಣ್ಣ ಊರಿನ ಸಾವಿನ ಮನೆಗಳಿಗೆಲ್ಲ ಅನಧಿಕೃತ ಮ್ಯಾನೇಜರು. ಚಾಪೆ, ಮಡಕೆ, ಶಾಮಿಯಾನ ಎಲ್ಲ ಅವರ ಬಾಯಲ್ಲೇ ಇರುತ್ತದೆ. ಅವರು ಅಂಗಳದಲ್ಲಿ ವಾಚು ನೋಡಿದರು.

"ಮರ ಕೊಯ್ಯುವ ಮೆಷಿನಿನವ ಮೂರು ಗಂಟೆಗೆ ಪುಂಜಾಲಕಟ್ಟೆಗೆ ಹೋಗ್ತಾನಂತೆ. ಆಮೇಲೆ ನಾಳೆಯೇ ಸಿಗುವುದು," ಎಂದರು.

"ಉಸಿರುಂಟಲ್ಲ ಬಾಬಣ್ಣ," ಎಂದೆ ನಾನು.

"ಉಂಟು, ನಾನು ಇಲ್ಲ ಅಂತ ಹೇಳಿದೆನಾ ಅಕ್ಕ? ಮರ ಕಡಿದು ಇಟ್ಟರೆ ಅದೇನು ಓಡಿ ಹೋಗ್ತದಾ?"

ಹಾಗೆ ಮಟಮಟ ಮಧ್ಯಾಹ್ನ, ಮನುಷ್ಯನಿಗಿಂತ ಮೊದಲು ಮರ ಬಿತ್ತು. ಮೈತುಂಬ ಹೂ ಬಿಟ್ಟಿದ್ದ ಮರ. ಬಿದ್ದ ಸದ್ದಿಗೆ ಹಂಚು ನಡುಗಿತು, ಆಮೇಲೆ ಜೇನುನೊಣಗಳ ಸದ್ದು ಮಾತ್ರ ಉಳಿಯಿತು. ಒಳಗೆ ಅಣ್ಣ ಕಣ್ಣು ಬಿಟ್ಟ. ನಾಲ್ಕು ದಿನದಿಂದ ಮಾತಾಡದಿದ್ದವನು ಸ್ಪಷ್ಟವಾಗಿ ಕೇಳಿದ:

"ಯಾವ ಮರ ಅದು ಬಿದ್ದದ್ದು?"

ಅತ್ತಿಗೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಸಂಜೆಗೆ ಅಣ್ಣ ಗಂಜಿತಿಳಿ ಕುಡಿದ. ಮರುದಿನ ನೆಂಟರು ಒಬ್ಬೊಬ್ಬರೇ, ಯಾವುದೋ ತಪ್ಪು ಮಾಡಿದವರಂತೆ, ಬಸ್ಸು ಹತ್ತಿದರು.

ಸಂತೋಷಪಡಬೇಕಾದ ಸಂಗತಿ ತಾನೆ? ಡಾಕ್ಟರಿಗೂ ಆಶ್ಚರ್ಯ. ಜ್ವರ ಇಳಿಯಿತು, ಕಾಲಿಗೆ ಬಲ ಬಂತು. ಆದರೆ ಅಣ್ಣ ಏಳಲಿಲ್ಲ. ಏಳಲಾರದೆ ಅಲ್ಲ, ಏಳಲು ಮನಸ್ಸಿಲ್ಲದೆ. ಕಿಟಕಿಯ ಹೊರಗಿದ್ದ ಆ ಮರದ ನೆರಳಿನಿಂದಾಗಿ ಅವನ ಕೋಣೆಗೆ ನಲವತ್ತು ವರ್ಷ ಬಿಸಿಲೇ ಬಂದದ್ದಿಲ್ಲ. ಈಗ ದಿನಾ ಮಧ್ಯಾಹ್ನ ಕಿಟಕಿಯಿಂದ ಒಂದು ಚೌಕ ಬಿಸಿಲು ಬಂದು ಹಾಸಿಗೆ ಹತ್ತುತ್ತಿತ್ತು. ಪಾದದಿಂದ ಮೊಣಕಾಲಿಗೆ, ಮೊಣಕಾಲಿನಿಂದ ಎದೆಗೆ. ಎದೆಯ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತಿತ್ತು. ಅಣ್ಣ ಕದಲದೆ ಅದನ್ನೇ ನೋಡುತ್ತಿದ್ದ.

"ಎದ್ದು ಚಾವಡಿಗೆ ಬಾ ಅಣ್ಣ," ಎಂದರೆ ಅವನ ಉತ್ತರ ಒಂದೇ. "ಡ್ರೈವರ್ ಬಸ್ಸು ನಿಲ್ಲಿಸಿ ನನಗೆ ಕಾಯ್ತಾ ಇದ್ದಾನೆ. ನಾನು ಇಲ್ಲಿ ಕಾಫಿ ಕುಡೀತಾ ಕೂತುಕೊಳ್ಳುವುದಾ? ಮರ್ಯಾದೆ ಅಲ್ಲ ಮಾರಾಯ್ತಿ."

ಊಟ ಎರಡು ತುತ್ತಿಗೆ ಬಂತು. ಹೀಗೇ ಬಿಟ್ಟರೆ ಅವನು ಬರೀ ಸಂಕೋಚದಿಂದಲೇ ಸಾಯುತ್ತಾನೆ ಎಂದು ನನಗೆ ಗೊತ್ತಾಯಿತು. ನಮ್ಮ ಮನೆತನದವರು ಅದಕ್ಕೂ ಹೇಸುವವರಲ್ಲ.

ಮರವನ್ನು ಬೇರೆ ಯಾರಿಗಾದರೂ ಕೊಡೋಣವೆಂದರೆ ತೆಗೆದುಕೊಳ್ಳುವವರಿಲ್ಲ. ಒಬ್ಬರ ಹೆಸರಿನಲ್ಲಿ ಕಡಿದದ್ದನ್ನು ಇನ್ನೊಬ್ಬರ ಒಲೆಗೂ ಇಡುವುದಿಲ್ಲ. ಬಾಬಣ್ಣ ನಮ್ಮ ಅಂಗಳದ ದಾರಿಯನ್ನೇ ಬಿಟ್ಟು ಗದ್ದೆಯ ಅಂಚಿನ ಹುಣಿಯಲ್ಲಿ ಸುತ್ತಿ ಹೋಗತೊಡಗಿದರು. ಇಷ್ಟರಲ್ಲಿ ಆ ಬಿದ್ದ ಮರ ಚಿಗುರಿತು. ನಿಜ, ನಾನು ಕಣ್ಣಾರೆ ಕಂಡದ್ದು. ಬೇರಿಲ್ಲದೆ ನೆಲದ ಮೇಲೆ ಮಲಗಿದ ಕಾಂಡದ ಪಕ್ಕೆಯಿಂದ ತಾಮ್ರದ ಬಣ್ಣದ ಎಲೆಗಳು, ಮಗುವಿನ ಕಿವಿಯಷ್ಟು ಮೆತ್ತಗಿನವು. ಕಾಂಡದಲ್ಲಿ ಉಳಿದ ರಸದಿಂದ ಹಾಗಾಗುತ್ತದೆ ಎಂದು ಇಂಟರ್ನೆಟ್ಟು ಹೇಳುತ್ತದೆ. ಇಂಟರ್ನೆಟ್ಟು ಆ ಅಂಗಳದಲ್ಲಿ ಒಂಟಿಯಾಗಿ ನಿಂತದ್ದಿಲ್ಲ. ಅತ್ತಿಗೆ ಬೆಳಿಗ್ಗೆ ಅಂಗಳ ಗುಡಿಸುವ ಮೊದಲು ಆ ಚಿಗುರನ್ನು ಚಿವುಟಿ ಹಾಕುತ್ತಿದ್ದರು. ಮರುದಿನ ಇನ್ನೊಂದು ಕಡೆ ಬಂದಿರುತ್ತಿತ್ತು.

ಆಗಲೇ ನಾನು ತೀರ್ಮಾನಿಸಿದ್ದು: ಈ ಮರದಿಂದ ಅಣ್ಣನಿಗೆ ಒಂದು ಕುರ್ಚಿ ಮಾಡುವುದು. ಅವನಿಗಾಗಿ ಕಡಿದದ್ದಲ್ಲವೇ, ಅವನಿಗೇ ಸಲ್ಲಲಿ. ಮಲಗುವ ಬದಲು ಕೂತುಕೊಳ್ಳಲಿ, ಅಷ್ಟೇ ವ್ಯತ್ಯಾಸ. ಕೇಳಲಿಕ್ಕೆ ವೆರಿ ಲಾಜಿಕಲ್.

ಮೂಡಬಿದಿರೆಯ ಕಡೆಯ ಮಿಲ್ಲಿಗೆ ಟೆಂಪೋದಲ್ಲಿ ಹಾಕಿಸಿಕೊಂಡು ಹೋದೆ. "ಯಾವ ಮರ ಅಮ್ಮ ಇದು?" ಎಂದು ಮಿಲ್ಲಿನವರು ಕೇಳಿದರು. ಮಾವೆಂದು ಅವರಿಗೆ ಕಾಣುತ್ತಿತ್ತು. ಅವರು ಕೇಳಿದ್ದು ಅದನ್ನಲ್ಲ, ಯಾಕಾಗಿ ಕಡಿದದ್ದು ಎಂದು. "ಗಾಳಿಗೆ ಬಿದ್ದದ್ದು," ಎಂದೆ, ಬಲಗೈ ಬೆನ್ನ ಹಿಂದೆ. ಅವರು ಕಾಂಡದ ಬುಡದಲ್ಲಿ ಮೆಷಿನು ಕೊಯ್ದ ನುಣುಪಾದ ಜಾಗವನ್ನು ನೋಡಿದರು, ನನ್ನನ್ನು ನೋಡಿದರು. ಹೋಗಿ ಕೈಕಾಲು ತೊಳೆದುಕೊಂಡು ಬಂದು, ಗರಗಸದ ಚಕ್ರದ ಹತ್ತಿರ ಎರಡು ಊದುಬತ್ತಿ ಹಚ್ಚಿ, ಆಮೇಲೆ ಸ್ವಿಚ್ಚು ಒತ್ತಿದರು. ಹಲಗೆಗಳು ಬಿಡಿಸಿಕೊಂಡಾಗ ಒಳಗಿನ ಬಣ್ಣ ಹಾಲು ಬೆರೆಸಿದ ಚಹಾದಂತಿತ್ತು. ನಡುವೆ ಅಲ್ಲಲ್ಲಿ ಕಪ್ಪು ಗೆರೆ, ಯಾರೋ ಬರೆಯಲು ಹೊರಟು ಅರ್ಧಕ್ಕೆ ಬಿಟ್ಟಂತೆ. ಸೊನೆಯ ವಾಸನೆ ನನ್ನ ಸೀರೆಯಿಂದ ಎರಡು ಒಗೆತಕ್ಕೂ ಹೋಗಲಿಲ್ಲ.

ಕುರ್ಚಿಗೆ ಅಳತೆ ಬೇಕು. ಹಿಮ್ಮಡಿಯಿಂದ ಮೊಣಕಾಲಿನ ತನಕ ಒಂದು, ಸೊಂಟದಿಂದ ಭುಜದ ತನಕ ಒಂದು, ಭುಜದ ಅಗಲ ಒಂದು. ಅಣ್ಣ ಮಧ್ಯಾಹ್ನ ನಿದ್ದೆ ಮಾಡುತ್ತಿದ್ದಾಗ ಟೇಪು ಹಿಡಿದು ಮೆಲ್ಲಗೆ ಹೋದೆ. ಮಲಗಿದ ಮನುಷ್ಯನ ಉದ್ದಕ್ಕೆ ಟೇಪು ಹಿಡಿದು ಬಗ್ಗಿ ನಿಂತಾಗಲೇ ನನಗೆ ನಾನು ಏನು ಮಾಡುತ್ತಿದ್ದೇನೆ ಎಂದು ಹೊಳೆದದ್ದು. ತಲೆ ಎತ್ತಿದರೆ ಅಣ್ಣನ ಕಣ್ಣು ತೆರೆದಿತ್ತು.

"ಅಳತೆಯಾ?" ಎಂದ.

"ಕುರ್ಚಿಗೆ, ಅಣ್ಣ. ಸತ್ಯವಾಗಿ ಕುರ್ಚಿಗೆ."

"ಹೌದಾ," ಎಂದು, ನನಗೆ ಸುಲಭವಾಗಲೆಂದು ಕಾಲನ್ನು ನೇರ ಚಾಚಿದ, ಎರಡೂ ಪಾದ ಜೋಡಿಸಿ. ನನ್ನ ಕೈಯ ಟೇಪು ಸರ್ರನೆ ಡಬ್ಬಿಯೊಳಗೆ ಓಡಿತು. ಮತ್ತೆ ಎಳೆಯಲು ಧೈರ್ಯ ಬರಲಿಲ್ಲ. ಉಳಿದ ಅಳತೆಯನ್ನು ಅವನ ಹಳೇ ಅಂಗಿಯಿಂದ ತೆಗೆದೆ.

ಅಣ್ಣನ ಮನೆಯ ಹಿಂದಿನ ಜಗಲಿಯಲ್ಲೇ ಮೂರು ವಾರ ಕೆಲಸ ಮಾಡಿದೆ. ಮರವನ್ನು ಮರಕ್ಕೆ ಕೂಡಿಸುವುದು, ಒಂದರ ನಾಲಿಗೆಯನ್ನು ಇನ್ನೊಂದರ ಬಾಯಿಗೆ ಸರಿಯಾಗಿ ಕೂರಿಸುವುದು, ಹೆಣ್ಣುಗಂಡು ಹೊಂದಿಸುವುದಕ್ಕಿಂತ ಕಷ್ಟದ್ದು. ಎರಡರಲ್ಲೂ ನನಗೆ ಅನುಭವ ಕಡಿಮೆ. ನಾಲಿಗೆ ದಪ್ಪವಾದರೆ ಬಾಯಿ ಬಿರಿಯುತ್ತದೆ, ತೆಳುವಾದರೆ ಅಲ್ಲಾಡುತ್ತದೆ. ನನ್ನದರಲ್ಲಿ ಎರಡೂ ನಡೆದು, ನಡುವಿನ ಸಂದುಗಳಿಗೆ ಅಂಟು ಮತ್ತು ಮರದ ಹುಡಿ ತುಂಬಿದೆ. ಕೊನೆಗೂ ಕುರ್ಚಿಯಂತೆ ಕಾಣುವ ಒಂದು ವಸ್ತು ನಿಂತಿತು.

ಮತ್ತು ಅದು ಸದ್ದು ಮಾಡತೊಡಗಿತು. ಟಕ್. ಯಾರೂ ಇಲ್ಲದ ಜಗಲಿಯಲ್ಲಿ, ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ, ಕೂತವರು ಏಳುವಾಗ ಆಗುವಂಥ ಸದ್ದು. ಎಕ್ಸ್‌ಚೇಂಜಿನಲ್ಲಿ ಲೈನು ತೆರೆದಾಗ ಕಿವಿಯ ಹೆಡ್‌ಫೋನಿನಲ್ಲಿ ಹೀಗೇ ಒಂದು ಟಕ್ ಬರುತ್ತಿತ್ತು, ಅದರ ಹಿಂದೆಯೇ ದೂರದ ಊರಿನ ದನಿ. ಮೂವತ್ತು ವರ್ಷದ ಅಭ್ಯಾಸ. ಆ ಟಕ್ ಕೇಳಿದರೆ ನಾನು ಉಸಿರು ಹಿಡಿದು, ಮುಂದೆ ಬರಬೇಕಾದ ದನಿಗೆ ಕಾಯುತ್ತೇನೆ. ಜಗಲಿಯಲ್ಲೂ ಕಾದೆ. ಕೈಯಲ್ಲಿ ಮರಳುಕಾಗದ ಹಿಡಿದು, ಒಂದು ನಿಮಿಷ ಪೂರ್ತಿ. ಏನೂ ಬರಲಿಲ್ಲ. ಬಾರದೆ ಇದ್ದದ್ದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು; ಆ ಕಡೆ ಯಾರೋ ಇದ್ದು ಸುಮ್ಮನಿದ್ದಂತೆ.

ಆದರೂ ಕುರ್ಚಿಯನ್ನು ಅಣ್ಣನ ಕೋಣೆಯಲ್ಲಿ ಇಟ್ಟೆ. ಅವನು ಗೋಡೆಗೆ ಮುಖ ಮಾಡಿ ಮಲಗಿದ. ಮೂರು ದಿನ ಹಾಗೇ. "ಬೇರೆಲ್ಲಾದರೂ ಇಡುವ ಸುಮಾ," ಎಂದರು ಅತ್ತಿಗೆ ಅಡುಗೆಮನೆಯಲ್ಲಿ ದನಿ ತಗ್ಗಿಸಿ. "ನಿನ್ನೆ ಮಧ್ಯಾಹ್ನ ನೀರು ಕೊಡಲಿಕ್ಕೆ ಹೋದೆ. ಅವರು ಕುರ್ಚಿಗೆ ಹೇಳ್ತಾ ಇದ್ದರು, ಬಂದೆ, ಬಂದೆ ಅಂತ."

ನಾಲ್ಕನೆಯ ದಿನ, ಹನ್ನೆರಡೂವರೆ ಇರಬಹುದು, ಕೋಣೆಯಿಂದ ದೊಡ್ಡ ಸದ್ದು. ಟಕ್ ಅಲ್ಲ, ತೆಂಗಿನಕಾಯಿ ಒಡೆದಂಥದ್ದು. ಅತ್ತಿಗೆಯ ಕೈಯ ಸೌಟು ಕೆಳಗೆ ಬಿತ್ತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು, ಯಾರು ಮೊದಲು ಹೋಗುವುದು ಎಂದು. ಆಮೇಲೆ ಒಟ್ಟಿಗೇ ಓಡಿದೆವು.

ಅಣ್ಣ ನಿಂತಿದ್ದ. ಐದಾರು ವಾರದಲ್ಲಿ ಮೊದಲ ಸಲ, ತನ್ನ ಕಾಲ ಮೇಲೆ, ಆ ಚೌಕ ಬಿಸಿಲಿನ ನಟ್ಟನಡುವೆ. ಕುರ್ಚಿಯ ಬೆನ್ನಿನ ಹಲಗೆ ಮೇಲಿನಿಂದ ಕೆಳಗಿನ ತನಕ ಸೀಳಿತ್ತು. ಅವನು ಆ ಸೀಳಿನೊಳಗೆ ತೋರುಬೆರಳು ಇಟ್ಟು ನೋಡುತ್ತಿದ್ದ.

"ಹಸಿ ಮರ," ಎಂದ.

ಬೆರಳು ಹೊರಗೆ ತೆಗೆದು ನನ್ನ ಕಡೆ ತಿರುಗಿದ.

"ಹಸಿ ಮರದಲ್ಲಿ ಯಾರಾದರೂ ಕುರ್ಚಿ ಮಾಡ್ತಾರಾ? ಒಣಗುವಾಗ ಕುಗ್ಗುವುದಿಲ್ಲವಾ ಅದು? ಕಾನ್ವೆಂಟಿನಲ್ಲಿ ನಿನಗೆ ಎಂಥ ಕಲಿಸಿದ್ದು ಮಾರಾಯ್ತಿ, ಬರೀ ಥ್ಯಾಂಕ್ಯೂ, ಸಾರಿ?"

"ಬೇಗ ಆಗಲಿ ಅಂತ ಮಾಡಿದ್ದು, ಅಣ್ಣ."

"ಎಂಥ ಅರ್ಜೆಂಟು ನಿಮಗೆಲ್ಲ?"

ಹೇಳಿದ ಮೇಲೆ ಆ ಮಾತು ಅವನಿಗೇ ಕೇಳಿಸಿತೆಂದು ಕಾಣುತ್ತದೆ. ಅತ್ತಿಗೆ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು. ಅಣ್ಣ ಸ್ವಲ್ಪ ಹೊತ್ತು ಕಿಟಕಿಯ ಹೊರಗೆ, ಮರವಿಲ್ಲದ ಆ ಜಾಗವನ್ನು ನೋಡಿದ. ಆಮೇಲೆ ಡ್ರಾಯಿಂಗ್ ಪರೀಕ್ಷೆಯ ಪೇಪರು ತಿದ್ದುವವನ ಮುಖ ಮಾಡಿಕೊಂಡು ಕುರ್ಚಿಯ ಕಾಲುಗಳನ್ನು ಒಂದೊಂದಾಗಿ ಅಲ್ಲಾಡಿಸಿ ನೋಡಿ, "ಉಳಿದ ಹಲಗೆ ಎಲ್ಲುಂಟು?" ಎಂದು ಕೇಳಿದ.

"ಕೊಟ್ಟಿಗೆಯಲ್ಲಿ. ಒಂದರ ಮೇಲೊಂದು ಇಟ್ಟಿದ್ದೇನೆ."

"ನಡುವೆ ರೀಪು ಕೊಟ್ಟಿದ್ದಿಯಾ, ಗಾಳಿಯಾಡಲಿಕ್ಕೆ?"

"ಇಲ್ಲ."

"ಇಲ್ಲ!" ಎಂದು ಅತ್ತಿಗೆಯ ಕಡೆ ತಿರುಗಿ, ಇಂಥವಳನ್ನು ಏನು ಮಾಡುವುದು ಎಂಬಂತೆ ಕೈಚೆಲ್ಲಿ, ಗೋಡೆ ಹಿಡಿದುಕೊಂಡು ಕೊಟ್ಟಿಗೆಗೆ ಹೊರಟ. ಚಪ್ಪಲಿ ಹುಡುಕಿ ಕೊಡಲು ಅತ್ತಿಗೆ ಹಿಂದೆಯೇ ಓಡಿದರು. ಆ ಸಂಜೆ ನಾವು ಮೂವರು ಮುದುಕರು ಸೇರಿ ಹಲಗೆಗಳನ್ನೆಲ್ಲ ತೆಗೆದು, ನಡುವೆ ಸಣ್ಣ ಮರದ ಪಟ್ಟಿಗಳ ರೀಪು ಕೊಟ್ಟು, ಗಾಳಿ ಹೋಗುವ ಹಾಗೆ ಮತ್ತೆ ಅಟ್ಟಿ ಹಾಕಿದೆವು. ಅಣ್ಣ ಬಕೆಟ್ಟು ಕವುಚಿ ಅದರ ಮೇಲೆ ಕೂತು ಆರ್ಡರು ಕೊಟ್ಟ. "ಈ ಮಳೆಗಾಲ ಹೋಗಿ ಇನ್ನೊಂದು ಬೇಸಗೆ ಬರಲಿ," ಎಂದ. "ಆಮೇಲೆ ಸರಿಯಾದ ಒಂದು ಕುರ್ಚಿ ಮಾಡುವ. ಡ್ರಾಯಿಂಗು ನಾನು ಹಾಕಿ ಕೊಡ್ತೇನೆ."

ಬಿ.ಸಿ.ರೋಡಿಗೆ ವಾಪಸು ಬರುವ ಬಸ್ಸಿನಲ್ಲಿ ನಾನು ಯೋಚಿಸಿದ್ದು ಇದು. ಚಿತೆಗೆ ಮಾವನ್ನೇ ಯಾಕೆ ಆರಿಸಿದರೆಂದರೆ ಅದು ಹಸಿಯಾಗಿದ್ದರೂ ಉರಿಯುತ್ತದಂತೆ. ಕಡಿದ ದಿನವೇ ಕೆಲಸಕ್ಕೆ ಬರುತ್ತದೆ. ಕಾಯಬೇಕಾದದ್ದು ಕೂತುಕೊಳ್ಳುವ ಸಾಮಾನಿಗೆ ಮಾತ್ರ. ಮರಗೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಕೆಲಸ ಏನೂ ಮಾಡದೆ ಇರುವುದೇ ಎಂದು ಆ ಗಡ್ಡದವನು ಯಾವ ವಿಡಿಯೋದಲ್ಲೂ ಹೇಳಿಲ್ಲ. ಏನೂ ಮಾಡದೆ ಇರುವುದನ್ನು ವಿಡಿಯೋ ತೆಗೆಯಲು ಬರುವುದಿಲ್ಲವಲ್ಲ.

ಈಗ ಆದಿತ್ಯವಾರಗಳಲ್ಲಿ ಹಲಗೆ ಮಗುಚಿ ಹಾಕಲು ಶಿರ್ತಾಡಿಗೆ ಹೋಗುತ್ತೇನೆ. ಇಂಟರ್ನೆಟ್ಟಿನಲ್ಲಿ ಓದಿದ್ದನ್ನು ಹೋದ ವಾರ ಅಣ್ಣನಿಗೆ ಹೇಳಿದೆ: ಮಾವಿನ ಹಲಗೆ ಆರು ತಿಂಗಳಿಗೇ ಒಣಗುತ್ತದಂತೆ. ಹೇಳಬಾರದಿತ್ತು. ಅವನ ಮುಖ ಸ್ವಲ್ಪ ಇಳಿಯಿತು.

"ಅದು ಬೇರೆ ಊರಿನ ಮಾವು ಇರಬೇಕು," ಎಂದ. "ಇಲ್ಲಿಯದಕ್ಕೆ ಒಂದು ವರ್ಷವಾದರೂ ಬೇಕು."

"ಎರಡಾದರೆ ಇನ್ನೂ ಒಳ್ಳೆಯದಂತೆ ಅಣ್ಣ," ಎಂದೆ, ಎಲ್ಲಿಯೂ ಓದದೆ.

ಅವನು ಹಲಗೆಯ ತುದಿಯನ್ನು ಬೆರಳ ಗೆಣ್ಣಿನಿಂದ ಬಡಿದು, ಕಿವಿಯಿಟ್ಟು ಕೇಳಿ, ತುಂಬ ಹೊತ್ತು ಲೆಕ್ಕ ಹಾಕಿದ.

"ನೋಡುವ," ಎಂದ.