ಗೋಲು ಬೇರೆ, ಕುಲುಮೆ ಬೇರೆ

ಎರಡು ಬೆರಳನ್ನು ನಾಲಿಗೆಯಡಿ ಮಡಿಸಿಟ್ಟು ನಮ್ಮ ಸೋದರತ್ತೆ ಶಿಳ್ಳೆ ಹೊಡೆದರೆ ಅವಳ ಕತ್ತಿನ ನರ ಹಗ್ಗದ ಹಾಗೆ ಉಬ್ಬುತ್ತಿತ್ತು. ಫುಟ್‌ಬಾಲ್ ಮೈದಾನದ ಆಚೆ ತುದಿಯಲ್ಲಿದ್ದ ಆಟಗಾರ, ರೆಫರಿಯೇ ಊದಿದನೆಂದುಕೊಂಡು ಬಾಲು ಬಿಟ್ಟು ನಿಂತುಬಿಡುತ್ತಿದ್ದ. ಅದಕ್ಕಾಗಿ ಅವಳನ್ನು ಎರಡು ಸಲ ಎಬ್ಬಿಸಿ ಕಳಿಸಿದ್ದರು. ಎರಡು ಸಲವೂ ಸೈನೈಡ್ ದಿಬ್ಬವನ್ನು, ಅಂದರೆ ಚಿನ್ನ ತೆಗೆದ ಮೇಲೆ ಗಣಿಯವರು ಮೈದಾನದ ಪಕ್ಕ ಸುರಿದಿದ್ದ ಮಣ್ಣಿನ ಗುಡ್ಡವನ್ನು ಸುತ್ತಿ, ಇನ್ನೊಂದು ಕಡೆಯಿಂದ ಬಂದು ಕೂತಿದ್ದಳು. ಹೆಂಗಸು ಶಿಳ್ಳೆ ಹೊಡೆಯಬಾರದು ಎಂದವರಿಗೆ ಅವಳ ಉತ್ತರ ಒಂದೇ: "ಬಾಯಿ ನಂದು, ಬೆರಳು ನಂದು. ನಿಂದೇನೋಯ್ತು?"

ಬೂದಿಕೋಟೆಯಲ್ಲಿ ಗಂಡನನ್ನು ಬಿಟ್ಟು ಅಣ್ಣನ ಮನೆಗೆ, ಅಂದರೆ ಗಣಿ ಕೆಲಸಗಾರರ ಲೈನಿನಲ್ಲಿದ್ದ ನಮ್ಮ ಒಂದೂವರೆ ಕೋಣೆಯ ಮನೆಗೆ ಬಂದವಳು ಅವಳು. ಗಂಡ ಸಿನಿಮಾಕ್ಕೆ ಹೋಗಬೇಡ ಅಂದನಂತೆ, ಇವಳು "ಅಂಗಾದ್ರೆ ನೀನೇ ಮನೇಲಿರು" ಅಂದು ಹೊರಟಳಂತೆ. ಇದು ಅವಳೇ ಹೇಳುತ್ತಿದ್ದ ಕಥೆ. ಆತ ಹೊಡೆಯುತ್ತಿದ್ದ ಎಂದು ಅಮ್ಮ ಹೇಳುತ್ತಿದ್ದಳು. ಅತ್ತೆ ಮಾತ್ರ ಆ ಹೊಡೆತದ ಮಾತನ್ನು ಎಂದೂ ಎತ್ತಲಿಲ್ಲ. ಲೈನಿನವರು ಅವಳನ್ನು ಬಜಾರಿ ಅಂದರು. ಅನ್ನಲಿ. ಅಂದವರ ಮನೆಯ ಹೆಂಗಸರೇ ಮ್ಯಾಚು ಏನಾಯಿತೆಂದು ಸಂಜೆ ನಮ್ಮ ಜಗುಲಿಗೆ ಬಂದು ಕೇಳುತ್ತಿದ್ದರು.

ವಾರವೆಲ್ಲ ಆಂಡರ್ಸನ್‌ಪೇಟೆಯಲ್ಲಿ ಹುರಿದ ಕಡಲೆಕಾಯಿ ಮಾರುತ್ತಿದ್ದಳು. ಮ್ಯಾಚಿನ ದಿನ ಮಾತ್ರ ಬುಟ್ಟಿ ಮುಟ್ಟುತ್ತಿರಲಿಲ್ಲ. ಅಷ್ಟು ಜನ ಸೇರುವ ದಿನ ವ್ಯಾಪಾರ ಬಿಡುತ್ತೀಯಲ್ಲ ಎಂದು ಅಮ್ಮ ಬೈದರೆ, "ನಾನು ಕಡ್ಲೆಕಾಯಿ ನೋಡ್ತಾ ಕುಂತ್ರೆ ಬಾಲ್ ನೋಡೋರ್ಯಾರು ಅತ್ಗೆ?" ಎನ್ನುತ್ತಿದ್ದಳು. ರೆಫರಿಯನ್ನು ತಮಿಳಿನಲ್ಲೂ ಎದುರಾಳಿಗಳನ್ನು ತೆಲುಗಿನಲ್ಲೂ ಬೈಯುತ್ತಿದ್ದಳು. ಕನ್ನಡದ ಬೈಗುಳಗಳನ್ನು ನಮ್ಮ ಟೀಮಿಗೆಂದೇ ಇಟ್ಟುಕೊಂಡಿದ್ದಳು.

ಸಿನಿಮಾದಲ್ಲೂ ಅಷ್ಟೇ. ರೈಲು ಹತ್ತಿ ಬಂಗಾರಪೇಟೆಯ ಟೆಂಟಿಗೆ ಹೋಗುತ್ತಿದ್ದೆವು. ಅಲ್ಲಿ ಇದ್ದದ್ದು ಒಂದೇ ಮೆಷಿನ್ನು. ರೀಲು ಬದಲಾಯಿಸಲು ದೀಪ ಹಾಕುತ್ತಿದ್ದರು. ದೀಪ ಹತ್ತಿದ್ದೇ ತಡ, ಹೆಂಗಸರ ಕಡೆಯಿಂದ ಅತ್ತೆಯ ತೀರ್ಪು ಬರುತ್ತಿತ್ತು. ಡೊಳ್ಳುಹೊಟ್ಟೆಯ ರಾಮನನ್ನು ಕಂಡು, "ಇವ್ನು ಕಾಡಿಗೋದ್ನೋ, ಮಾವನ್ ಮನೆಗೋದ್ನೋ?" ಎಂದಾಗ ಟೆಂಟೇ ನಕ್ಕಿತ್ತು. ಇನ್ನೊಂದು ಸಿನಿಮಾದಲ್ಲಿ ಒಬ್ಬಳು ಗಂಡನ ಕಾಲು ಹಿಡಿದು ಅಳುತ್ತಲೇ ಇದ್ದಳು. "ಮೂರು ರೀಲಿಂದ ಅಳ್ತಾವ್ಳೆ. ಅಷ್ಟೊತ್ತಿಗೆ ಎರಡು ಸೇರು ರಾಗಿ ಬೀಸ್ಬೋದಿತ್ತು. ಏಳೇ ತಾಯಿ, ಎದ್ದು ನಡಿ!" ಎಂದಳು. ಆಗ ಯಾರೂ ನಗಲಿಲ್ಲ. ಗಂಡಸರ ಕಡೆಯಿಂದ ಯಾರೋ "ಥೂ" ಅಂದರು. ಅತ್ತೆ ತಿರುಗಿಯೂ ನೋಡದೆ ಮುಂದಿನ ರೀಲಿಗೆ ಕಾದಳು.

ನಮ್ಮಪ್ಪ ಗಣಿಯ ಟೀಮಿನ ಗೋಲಿ, ಅಂದರೆ ಗೋಲು ಕಾಯುವವರು. ಆಗ ನಮ್ಮಲ್ಲಿ ಕಾಗದದಲ್ಲಿಲ್ಲದ ಒಂದು ಕಾನೂನಿತ್ತು. ಚೆನ್ನಾಗಿ ಆಡುವವನಿಗೆ ನೆಲದ ಮೇಲಿನ ಕೆಲಸ, ಟೀಮಿನಿಂದ ಬಿದ್ದವನಿಗೆ ಮತ್ತೆ ಸುರಂಗ. ಅಪ್ಪ ಹತ್ತು ವರ್ಷ ಗೋಲು ಕಾದಿದ್ದರಿಂದಲೇ ಹತ್ತು ವರ್ಷ ಕುಲುಮೆಯಲ್ಲಿದ್ದರು. ಬಂಡೆ ಕೊರೆಯುವ ಉಕ್ಕಿನ ಸರಳುಗಳನ್ನು ಕಾಯಿಸಿ ಮೊನೆ ಮಾಡುವ ಕೆಲಸ.

ಆ ವರ್ಷ ಇನ್ನೊಂದು ಗಣಿಯ ಟೀಮಿನ ಮೇಲಿನ ಫೈನಲ್ಲಿನಲ್ಲಿ ಅಪ್ಪ ಸುಲಭವಾಗಿ ತಡೆಯಬಹುದಾಗಿದ್ದ ಎರಡು ಗೋಲು ಬಿಟ್ಟರು. ಆಟ ಮುಗಿದ ಮೇಲೆ ಟೀಮು ನೋಡಿಕೊಳ್ಳುತ್ತಿದ್ದ ಸಾಹೇಬರು ದಿಬ್ಬದ ಹತ್ತಿರ ಬಂದು, "ಏನಮ್ಮಾ, ನಮ್ಮ ಟೀಮು ಹೇಗೆ?" ಎಂದು ತಮಾಷೆಗೆ ಕೇಳಿದರು. ಎಲ್ಲರೂ ನಗಲು ಸಿದ್ಧರಾಗಿದ್ದರು.

"ಗೋಲೀನ ಬದ್ಲಾಯ್ಸಿ ಸ್ವಾಮಿ. ನಮ್ಮಣ್ಣಂದು ಮುಗೀತು. ಮೊಣಕಾಲು ಬಗ್ತಿಲ್ಲ" ಎಂದಳು ಅತ್ತೆ.

ಅಪ್ಪ ಕೈಗವಸು ಬಿಚ್ಚುತ್ತ ಅಲ್ಲೇ ನಿಂತಿದ್ದರು. ಅವಳನ್ನು ನೋಡಿ ತಲೆ ತಗ್ಗಿಸಿದರು.

ವಾರದೊಳಗೆ ಟೀಮಿನಿಂದ ತೆಗೆದರು. ಜೊತೆಗೇ, ಬರುವ ಸೋಮವಾರದಿಂದ ಸುರಂಗಕ್ಕೆ ಇಳಿಯಬೇಕೆಂದು ಹುಕುಂ ಬಂತು. ಅಪ್ಪನ ಅಣ್ಣ ಕೆಳಗೆ ಇಳಿದವರು ಬಂಡೆ ಸಿಡಿದು ಅಲ್ಲೇ ಹೋಗಿದ್ದರು. ಅಮ್ಮ ಒಲೆ ಹಚ್ಚಲಿಲ್ಲ. "ನಿನ್ನ ಬಾಯಿಗೆ ನನ್ನ ತಾಳಿ ಬಲಿ ಕೊಟ್ಯಲ್ಲೇ" ಎಂದು ಅತ್ತೆಯ ಮುಂದೆ ಕೂತು ಅತ್ತಳು. "ಓಗಿ ಸಾಹೇಬ್ರ ಕಾಲು ಹಿಡಿ. ತಮಾಷೆಗಂದೆ, ಅವ್ನೇ ಗೋಲು ನಿಂತ್ಕಳ್ಲಿ ಅನ್ನು."

"ಸಾಹೇಬ್ರತ್ರ ಓಗ್ತೀನಿ. ಅದನ್ನ ಮಾತ್ರ ಏಳಲ್ಲ" ಎಂದಳು ಅತ್ತೆ.

ಅಮ್ಮ ನಂಬದೆ ನನ್ನನ್ನೂ ಎಳೆದುಕೊಂಡು ಹಿಂದೆಯೇ ಹೊರಟಳು. ಆಗ ನನಗೆ ಹದಿನಾಲ್ಕು. ಆಫೀಸಿನ ಬಾಗಿಲಲ್ಲಿ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತದ್ದು ಈಗಲೂ ಕಣ್ಣಿಗೆ ಕಟ್ಟಿದೆ.

"ತಪ್ಪಾಯ್ತು ಅನ್ನೋಕೆ ಬಂದ್ಯಾ?" ಎಂದರು ಸಾಹೇಬರು.

"ಇಲ್ಲ ಸ್ವಾಮಿ. ಗೋಲು ಕಾಯಾಕೆ ಬ್ಯಾಡ ಅಂದೆ, ಈಗ್ಲೂ ಅದೇ ಏಳ್ತೀನಿ. ಕುಲುಮೆಗೆ ಬ್ಯಾಡ ಅಂದ್ನಾ? ಅವ್ನು ಮಾಡಿದ ಸರಳ್ನಾಗೆ ಒಂದು ತಪ್ಪು ತೋರ್ಸಿ, ನಾನೇ ಕೈ ಹಿಡ್ದು ಸುರಂಗಕ್ಕಿಳಿಯೋ ಕೇಜು ಹತ್ತುಸ್ತೀನಿ. ಆಟ ಬ್ಯಾರೆ, ಕೆಲ್ಸ ಬ್ಯಾರೆ."

"ಆಟಗಾರರಿಗೇ ಅಲ್ವಾ ಆ ಕೆಲ್ಸ ಕೊಟ್ಟಿರೋದು?"

"ಅದು ನಿಮ್ ತಪ್ಪು. ನಮ್ಮಣ್ಣಂದಲ್ಲ."

ಹೊರಗೆ ನಡಿ ಎಂದರು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಮರುದಿನ ಬುಟ್ಟಿ ಮನೆಯಲ್ಲಿಟ್ಟು ಮತ್ತೆ ಹೋಗಿ ಕೂತಳು. ಜವಾನ ಎಬ್ಬಿಸಿದರೆ ಎದ್ದು, ಅವನು ಒಳಗೆ ಹೋದ ಮೇಲೆ ಕೂರುತ್ತಿದ್ದಳು. ಶಿಫ್ಟು ಮುಗಿಸಿ ಬರುವವರನ್ನೆಲ್ಲ ನಿಲ್ಲಿಸಿ, "ಯಾರು ಮೊನೆ ಮಾಡಿದ ಸರಳು ಎಚ್ಚು ಬಾಳ್ತದೆ? ಒಳಗೋಗಿ ಏಳ್ರಲಾ, ಗಂಡಸ್ರಾದ್ರೆ!" ಎಂದು ಕೂಗುತ್ತಿದ್ದಳು. ಮೊದಲ ದಿನ ಎಲ್ಲರೂ ಮುಖ ತಪ್ಪಿಸಿದರು. ಮೂರನೆಯ ದಿನ ಬಂಡೆ ಕೊರೆಯುವವರು ಏಳೆಂಟು ಮಂದಿ, ಮೈಮೇಲಿನ ಧೂಳನ್ನೂ ತೊಳೆಯದೆ, ಕುಲುಮೆಯ ಮೇಸ್ತ್ರಿಯನ್ನು ಮುಂದಿಟ್ಟುಕೊಂಡು ಒಳಗೆ ಹೋದರು. ಏನು ಮಾತಾಯಿತೋ ತಿಳಿಯದು. ಶನಿವಾರ ಸಂಜೆ ಹುಕುಂ ವಾಪಸಾಯಿತು.

ಭಾನುವಾರ ಅತ್ತೆ ಮ್ಯಾಚಿಗೆ ಹೋದಳು. ಹೊಸ ಗೋಲಿ ಕೈಗೆ ಬಂದ ಬಾಲನ್ನು ಬಿಟ್ಟ. ಅವನಿಗೂ ಕನ್ನಡದಲ್ಲೇ ಬೈದಳು.

ಅರವತ್ತರ ದಶಕದ ಕೊನೆಗೆ, ಅಪ್ಪ ಕುಲುಮೆಯಿಂದ ನಿವೃತ್ತರಾದ ಮೇಲೆ, ನಾಲ್ಕು ದಿನದ ಜ್ವರಕ್ಕೆ ಅವಳು ಹೋದಳು. ನಾನು ಓದಿ ಮೇಷ್ಟ್ರಮ್ಮ ಆಗಿದ್ದು ಆ ಕುಲುಮೆಯ ಅನ್ನದಿಂದ. ಮಣ್ಣು ಮಾಡಿ ಬಂದ ಸಂಜೆ ಜಗುಲಿಯಲ್ಲಿ ನೆಂಟರೊಬ್ಬರು, "ಬಾಯಿ ಬಿಗಿ ಇರ್ಲಿಲ್ಲ, ಪಾಪ. ಸ್ವಂತ ಅಣ್ಣನ್ನೂ ಬಿಡ್ಲಿಲ್ಲ" ಅಂದರು. ನನಗೆ ಸಿಟ್ಟು ಬಂತು. ಬಾಯಿ ತೆರೆಯುವಷ್ಟರಲ್ಲಿ ಅಪ್ಪನೇ ಮಾತಾಡಿದರು.

"ನನ್ ಮೊಣಕಾಲ್ಗೆ ಏನೂ ಆಗಿರ್ಲಿಲ್ಲ. ಎಡಗಣ್ಣು ಓಗಿ ಎರಡು ವರ್ಷ ಆಗಿತ್ತು. ಎಂಡ್ತಿಗೂ ಏಳಿರ್ಲಿಲ್ಲ. ಫೈನಲ್ಲಿಗೆ ಮುಂಚೆ ಇವ್ಳು ಬಂದು ಕೇಳಿದ್ಲು, ಅಣ್ಣಾ, ಎಡಗಡೆ ಕಾಣಾಕಿಲ್ವಾ ಅಂತ. ಗೋಲಲ್ಲಿ ನಿಂತ್ರೆ ಬಲಗಣ್ಣೂ ಕಳ್ಕಂತೀಯ, ಬಿಡು ಅಂದ್ಲು. ನಾನು ಬಿಡ್ಲಿಲ್ಲ. ಒಂಟಿಗಣ್ಣು ಅಂತ ಆಫೀಸಲ್ಲಿ ಒಂದು ಮಾತು ಆಡಿದ್ದಿದ್ರೆ ಕುಲುಮೇನೂ ಇಲ್ಲ, ಗಣೀನೂ ಇಲ್ಲ. ಮೂರು ದಿನ ಆ ಮೆಟ್ಲ ಮೇಲೆ ಕುಂತು ಲೋಕಕ್ಕೆಲ್ಲ ಕೂಗಿದ್ಲು. ಆ ಕಣ್ಣಿನ ಮಾತೊಂದನ್ನ ಸಾಯೋಗಂಟ ಆಡ್ಲಿಲ್ಲ."