ಊದಪ್ಪನವರ ಭಾನುವಾರ

ಆಸ್ಪತ್ರೆಯಲ್ಲಿ ಶ್ವಾಸಕೋಶದ ಪರೀಕ್ಷೆ ಮಾಡುವ ಅವರಿಗೆ ರೋಗಿಗಳೇ ಇಟ್ಟ ಹೆಸರು ಊದಪ್ಪ. “ಊದಿ, ಊದಿ, ಇನ್ನೂ ಊದಿ!” ಎನ್ನುತ್ತ, ಕೊಳವೆ ಕಚ್ಚಿಕೊಂಡವರಿಗಿಂತ ಮುಂಚೆ ತಾವೇ ಕೆನ್ನೆಯುಬ್ಬಿಸಿ ಕೆಂಪಗಾಗುತ್ತಾರೆ. ಪರೀಕ್ಷೆ ಮುಗಿದರೂ ಪಾಠ ಮುಗಿಯದು. “ನೋಡಿಮ್ಮಾ, ಉಸಿರೆಳೆದಾಗೆಲ್ಲ ಒಂದು ಲೋಟ ಗಾಳಿ ದಾರೀಲೇ ಅಡ್ಡಾಡಿ, ರಕ್ತದ ಮುಖಾನೂ ನೋಡದೆ ವಾಪಸ್ ಬರುತ್ತೆ. ಅದು ಎಲ್ಲರಿಗೂ ಇದ್ದದ್ದೇ. ಆದ್ರೆ ನಿಮಗೆ, ಒಳಗೆ ಗಾಳಿ ತಲುಪಿದ ಕಡೆ ರಕ್ತ ತಲೆ ಹಾಕಿಯೂ ಮಲಗಲ್ಲ. ರಕ್ತ ಇರೋ ಕಡೆ ಗಾಳಿ ಸುಳಿಯಲ್ಲ. ಎರಡೂ ಭೇಟಿಯಾಗದಿದ್ರೆ ಎಷ್ಟು ಉಸಿರೆಳೆದ್ರೂ ದಂಡ!” ಒಂದು ರಸ್ತೆಯಲ್ಲಿ ಜನ ಕಾಯುತ್ತ ನಿಂತು, ಇನ್ನೊಂದರಲ್ಲಿ ಬಸ್ಸು ಖಾಲಿ ಓಡುವುದನ್ನು ಕಂಡರೂ ಸಾಕು, ತಲೆ ಚಚ್ಚಿಕೊಳ್ಳುತ್ತಾರೆ. ಇಷ್ಟೆಲ್ಲ ಬಲ್ಲ ಊದಪ್ಪನವರು ಪ್ರತಿ ಭಾನುವಾರ ತಾಯಿಯ ಮನೆಗೆ ಕಾಲಿಡುವ ಮುಂಚೆ ತಪ್ಪದೆ ಫೋನ್ ಮಾಡುತ್ತಾರೆ: “ಅಮ್ಮಾ, ಅಣ್ಣ ಹೊರಟನಾ?” ಅಣ್ಣತಮ್ಮಂದಿರು ಮಾತು ಬಿಟ್ಟು ಇಪ್ಪತ್ತು ವರ್ಷವಾಯಿತು. “ಈಗಷ್ಟೇ ಹೋದ, ಬಾರಪ್ಪ” ಎನ್ನುತ್ತಾಳೆ ತಾಯಿ. ಬೀದಿಯ ತಿರುವಿನಲ್ಲೇ ಕಾಯುತ್ತಿದ್ದ ಊದಪ್ಪನವರು ಸರಸರನೆ ಒಳಬಂದು, ನಡುಮನೆಯಲ್ಲಿ ನಾಲ್ಕು ಕುರ್ಚಿ ಖಾಲಿಯಿದ್ದರೂ, ಇನ್ನೂ ಬೆಚ್ಚಗಿರುವ ಆ ಒಂದರಲ್ಲೇ ಕೂರುತ್ತಾರೆ.